ಸದ್ದಿಲ್ಲದ ಅಕ್ಷರಗಳನ್ನು ಓದುವವಳು

ಇಂಗ್ಲಿಷನ್ನು ತಪ್ಪುತಪ್ಪಾಗಿ ಓದಿದ್ದಕ್ಕೆ ಸಂಬಳ ಪಡೆದವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ಕಾಣೆ. ಈ ಅಕ್ಕ ಪಡೆದಳು. ಒಂದೆರಡು ವರ್ಷವಲ್ಲ, ಮೂವತ್ತೊಂಬತ್ತು ವರ್ಷ. ಪ್ರೆಸ್ಸಿನ ನೆಲಮಹಡಿಯಲ್ಲಿ, ಮೆಟ್ಟಿಲ ಅಡಿಯ ಇಕ್ಕಟ್ಟು ಕೋಣೆಯಲ್ಲಿ ಒಂದು ಮೇಜು, ಎದುರುಬದುರು ಎರಡು ಕುರ್ಚಿ, ನಡುವೆ ತೂಗಿಬಿಟ್ಟ ಒಂದು ದೀಪ. ಒಂದು ಕುರ್ಚಿಯಲ್ಲಿ ಅವಳು, ಇನ್ನೊಂದರಲ್ಲಿ ಅವಳ ಒಡಹುಟ್ಟಿದ ಅಣ್ಣ. ಅವಳ ಕೈಯಲ್ಲಿ ಗಿರಾಕಿ ಬರೆದು ಕೊಟ್ಟ ಮೂಲ ಕಾಗದ. ಅದಕ್ಕೆ ಕಾಪಿ ಎನ್ನುತ್ತಾರೆ. ಅವನ ಮುಂದೆ ಅಚ್ಚಿನ ಮೊಳೆ ಜೋಡಿಸಿ ಒತ್ತಿ ತೆಗೆದ ಹಸಿ ಪ್ರೂಫು. ಅವಳು ಕಾಪಿಯನ್ನು ಗಟ್ಟಿಯಾಗಿ ಓದಬೇಕು, ಅವನು ಪ್ರೂಫಿನ ಮೇಲೆ ಕಣ್ಣಿಟ್ಟು ಕೇಳುತ್ತ ತಪ್ಪು ಕಂಡಲ್ಲಿ ಅಂಚಿನಲ್ಲಿ ತಿದ್ದಬೇಕು. ಇಷ್ಟೇ ಕೆಲಸ.

ಇಷ್ಟೇ ಎಂದರೆ ಇಷ್ಟೇ ಅಲ್ಲ. ನಾಲ್ಕು ಜನ ಓದುವ ಹಾಗೆ ಅವಳೂ ಓದಿದ್ದರೆ ಅಣ್ಣನಿಗೆ ಅರ್ಧ ತಪ್ಪು ಗೊತ್ತೇ ಆಗುತ್ತಿರಲಿಲ್ಲ. ‘ನೈಫ್’ ಎಂದು ಓದಿದರೆ ಅದರ ಮುಂದಿನ ಕೆ ಇದೆಯೋ ಉದುರಿಹೋಗಿದೆಯೋ ಹೇಗೆ ತಿಳಿಯಬೇಕು? ಅದಕ್ಕೆ ಅವಳು ‘ಕ್ನೈಫ್’ ಎನ್ನುವಳು. ‘ಡೌಟ್’ ಅಲ್ಲ, ‘ಡೌಬ್ಟ್’. ‘ಲಿಸನ್’ ಅಲ್ಲ, ‘ಲಿಸ್ಟೆನ್’. ಐಲೆಂಡು ಅವಳ ಬಾಯಲ್ಲಿ ‘ಇಸ್‌ಲ್ಯಾಂಡ್’ ಆಗುವುದು. ಕಾಮಾ ಬಂದರೆ ‘ಕಾಮ್’, ವಾಕ್ಯ ಮುಗಿದರೆ ‘ಸ್ಟಾಪ್’, ದೊಡ್ಡಕ್ಷರ ಬಂದರೆ ‘ಕ್ಯಾಪ್’. ಬಾಗಿಲಲ್ಲಿ ನಿಂತು ಕೇಳಿದ ಹೊರಗಿನವರು ಒಳಗೆ ಯಾರಿಗೋ ಜ್ವರ ತಲೆಗೇರಿದೆ ಎಂದುಕೊಳ್ಳಬೇಕು, ಹಾಗಿರುತ್ತಿತ್ತು.

ಆ ಕೆಲಸಕ್ಕೆ ಎರಡು ಕಟ್ಟಳೆ. ಒಂದು, ಕಾಪಿಯಲ್ಲಿ ಇದ್ದದ್ದನ್ನೇ ಓದಬೇಕು. ಓದುವವಳು ಸ್ವಂತದ್ದು ಒಂದಕ್ಷರ ಸೇರಿಸುವಂತಿಲ್ಲ, ಕೇಳುವವನು ಅವಳ ಮಾತನ್ನು ಅನುಮಾನಿಸುವಂತಿಲ್ಲ; ಪ್ರೂಫು ಅವಳ ಬಾಯಿಗೆ ಒಪ್ಪದಿದ್ದರೆ ತಿದ್ದಬೇಕಾದ್ದು ಪ್ರೂಫನ್ನೇ. ಎರಡನೆಯದು, ಇಬ್ಬರೂ ಅರ್ಥಕ್ಕೆ ಮನಸ್ಸು ಕೊಡಬಾರದು. ಅರ್ಥದ ಬೆನ್ನು ಹತ್ತಿದ ಕಣ್ಣು ತಪ್ಪನ್ನು ತಾನೇ ಸರಿಮಾಡಿಕೊಂಡು ಓಡಿಬಿಡುತ್ತದೆ. ಕೊಲೆ ಮೊಕದ್ದಮೆ, ನೀರಿನ ಪಂಪಿನ ಕೈಪಿಡಿ, ಪ್ರೇಮಕತೆ ಎಲ್ಲವೂ ಆ ಮೇಜಿನ ಮೇಲೆ ಒಂದೇ ದನಿಯಲ್ಲಿ ಹಾದುಹೋದವು. ಒಮ್ಮೆ ಮಾಲೀಕರ ತಾಯಿ ತೀರಿಕೊಂಡ ಸುದ್ದಿಯನ್ನೇ ಇಬ್ಬರೂ ಓದಿ ತಿದ್ದಿ ಮೇಲೆ ಕಳಿಸಿ, ಮಧ್ಯಾಹ್ನ ಊಟಕ್ಕೆ ಹೊರಗೆ ಬಂದು, "ಏನಿವತ್ತು ಎಲ್ಲರ ಮುಖ ಸಪ್ಪಗಿದೆ?" ಎಂದು ಕೇಳಿದ್ದುಂಟು.

ಪ್ರೆಸ್ಸಿನಲ್ಲಿ ಅವಳಿಗೆ ಕಾಪಿ ಅಕ್ಕ ಎಂದೇ ಹೆಸರು. ಹೊಸದಾಗಿ ಸೇರಿದವರು ಕಾಫಿ ತರುವ ಹೆಂಗಸು ಎಂದು ತಿಳಿದು, "ಅಕ್ಕ, ನಮ್ಮ ಕಡೆಗೆ ಎರಡು, ಸಕ್ಕರೆ ಕಮ್ಮಿ" ಎನ್ನುತ್ತಿದ್ದರು. ಅವಳು ಸಿಟ್ಟಾಗದೆ, "ಸಂಜೆ ಐದರೊಳಗೆ ಬರುತ್ತೆ, ಕಾಯ್ತಾ ಇರಿ" ಎಂದು ಹೇಳಿ ಒಳಗೆ ಹೋಗುವಳು. ಪಾಪ, ಕೆಲವರು ಕಾದದ್ದೂ ಇದೆ.

ಅಣ್ಣನ ಹೆಸರು ಸ್ಪೆಲ್ಲಿಂಗಣ್ಣ. ಅದು ಬರಿಯ ಪ್ರೂಫು ನೋಡುತ್ತಿದ್ದುದಕ್ಕೆ ಬಂದ ಹೆಸರಲ್ಲ. ಇಂಗ್ಲಿಷಿನ ಸ್ಪೆಲ್ಲಿಂಗನ್ನೆಲ್ಲ ಬುಡಸಮೇತ ಕಿತ್ತು, ಜನ ಆಡುವ ಹಾಗೆ ಬರೆಯುವಂತೆ ಮಾಡಬೇಕು ಎಂಬುದು ಅವನ ಜೀವಮಾನದ ಹಟ. ಒಂದು ಸದ್ದಿಗೆ ಒಂದು ಅಕ್ಷರ, ಬಾಯಿ ಬಿಡದ ಅಕ್ಷರಕ್ಕೆ ಮನೆಯಲ್ಲಿ ಜಾಗವಿಲ್ಲ. ಈ ಕುರಿತು ಅವನು ಪತ್ರಿಕೆಗಳಿಗೆ ಬರೆದ, ಶಾಲಾ ಇಲಾಖೆಯ ಅಧಿಕಾರಿಗಳಿಗೆ ಬರೆದ, ನಿಘಂಟು ಮಾಡುವ ವಿದ್ವಾಂಸರಿಗೆ ಬರೆದ. ಉತ್ತರ ಬಂದದ್ದು ಒಬ್ಬರಿಂದ ಮಾತ್ರ. ಅವರು ಇವನ ಪತ್ರದಲ್ಲಿ ಒಂದು ಕಾಮಾ ಬಿಟ್ಟುಹೋಗಿದೆ ಎಂದು ತೋರಿಸಿಕೊಟ್ಟಿದ್ದರು. ಅದನ್ನು ನೆನೆದಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು, ಅವಳಿಗೆ ನಗು ಬರುತ್ತಿತ್ತು.

"ಹೊಟ್ಟೆ ಹೊರೀತಿರೋದೇ ಈ ಸ್ಪೆಲ್ಲಿಂಗಿನಿಂದ ಕಣೋ ಅಣ್ಣ. ಎಲ್ಲಾರೂ ಆಡಿದ ಹಾಗೆ ಬರೆದ್ರೆ ನಮ್ಮಿಬ್ಬರಿಗೆ ಇಲ್ಲೇನು ಕೆಲಸ? ನಮ್ಮ ಹೊಟ್ಟೆ ಮೇಲೆ ನೀನೇ ಹೊಡೀತೀಯಲ್ಲ!"

"ಹೋಗ್ಲಿ ಬಿಡು ಕೆಲಸ. ಬೇರೆ ಏನಾದ್ರೂ ಮಾಡಿ ಬದುಕೋಣ. ಪುಟ್ಟ ಪುಟ್ಟ ಮಕ್ಕಳ ತಲೆಗೆ ಈ ಕಸ ಯಾಕೆ ತುಂಬಬೇಕು? ನಮ್ಮ ಮಾತು ಬರೆದ ಹಾಗೇ ಓದಲ್ವಾ? ಅದಕ್ಕೇನು ರೋಗ ಬಂದಿದೆ?"

"ಸರಿ, ಆಡಿದ ಹಾಗೆ ಬರೀಬೇಕು. ಯಾರು ಆಡಿದ ಹಾಗೆ? ಮಾಲೀಕರು ಒಂಥರಾ ಆಡ್ತಾರೆ, ಪೇಪರು ಮಾರೋರು ಒಂಥರಾ ಆಡ್ತಾರೆ. ನಮ್ಮ ಮೊಳೆ ಜೋಡಿಸೋ ಮೇಸ್ತ್ರಿ ಆಡೋದನ್ನ ಬರೆದ್ರೆ ದೇವರೇ ಗತಿ."

ಅವಳಿಗೂ ಅವಳದೇ ಒಂದು ಸಿದ್ಧಾಂತವಿತ್ತು. ಬರಹವನ್ನು ಯಾಕೆ ಮುಟ್ಟಬೇಕು, ಬಾಯನ್ನು ತಿದ್ದಿದರೆ ಆಯಿತಲ್ಲ? ಲೋಕವೆಲ್ಲ ತನ್ನ ಹಾಗೆ ಕ್ನೈಫ್, ಡೌಬ್ಟ್ ಎಂದುಬಿಟ್ಟರೆ ಹಳೆಯ ಒಂದು ಪುಸ್ತಕವನ್ನೂ ಮತ್ತೆ ಅಚ್ಚು ಹಾಕಬೇಕಾಗಿಲ್ಲ. ಸೈನ್ ಎಂಬಲ್ಲಿ ತುಟಿ ಪಿಟಕ್ಕೆನ್ನದ ಜಿ, ಸಿಗ್ನಲ್ ಎಂಬಲ್ಲಿಗೆ ಬಂದಾಗ ಬಾಯಿ ಬಿಡುತ್ತದೆ. ಮನೆಯಲ್ಲಿ ಮಾತು ಕಡಿಮೆ ಎಂದು ಯಾರಾದರೂ ಮನುಷ್ಯನನ್ನೇ ಹೊರಗೆ ಹಾಕುತ್ತಾರೆಯೇ? ಇದನ್ನು ಕೇಳಿ ಅಣ್ಣ, "ಅದೊಂದು ಹೌದು" ಎನ್ನುವನು. ಮರುದಿನ ಅದಕ್ಕೂ ಉತ್ತರ ಹುಡುಕಿಕೊಂಡು ಬರುವನು. ಪ್ರೆಸ್ಸಿಗೆ ನಡೆದು ಹೋಗುವ ಇಪ್ಪತ್ತು ನಿಮಿಷ, ನಡೆದು ಬರುವ ಇಪ್ಪತ್ತು ನಿಮಿಷ ಇದೇ ರಗಳೆ. ಮನೆಯಲ್ಲಿ ಅತ್ತಿಗೆ ಬಾಗಿಲು ತೆಗೆಯುತ್ತಲೇ, "ಚಪ್ಪಲಿ ಜೊತೆ ಇಂಗ್ಲಿಷನ್ನೂ ಹೊರಗೇ ಬಿಟ್ಟು ಬನ್ನಿ" ಎನ್ನುತ್ತಿದ್ದಳು. ಅತ್ತಿಗೆ ಒಳ್ಳೆಯವಳು. ಮದುವೆಯಾಗದೆ ಉಳಿದ ನಾದಿನಿಯನ್ನು ಒಂದು ದಿನವೂ ಭಾರವೆಂದು ಎಣಿಸಿದವಳಲ್ಲ.

ಇಷ್ಟೆಲ್ಲ ತಮಾಷೆಯ ತಳದಲ್ಲಿ ಒಂದು ಮುಳ್ಳಿತ್ತು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ.

ಅಣ್ಣನಿಗೆ ಸ್ಪೆಲ್ಲಿಂಗಿನ ಮೇಲೆ ಈ ದ್ವೇಷ ಹುಟ್ಟಿದ್ದು ಅವಳಿಂದ. ಅವಳು ಹದಿನೈದು ವರ್ಷದವಳಿದ್ದಾಗ ಶಾಲೆಯ ಕೊನೆಯ ಪರೀಕ್ಷೆ. ಅದು ಪಾಸಾದರೆ ನರ್ಸ್ ತರಬೇತಿಗೆ ಸೇರಿಸುವುದಾಗಿ ಸೋದರತ್ತೆ ಮಾತು ಕೊಟ್ಟಿದ್ದಳು. ಬಿಳಿ ಬಟ್ಟೆ, ಗಡಿಯಾರ, ತಿಂಗಳ ಸಂಬಳ, ಹಾಸ್ಟೆಲಿನಲ್ಲಿ ತನ್ನದೇ ಒಂದು ಮಂಚ. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು. ಉಳಿದ ವಿಷಯವೆಲ್ಲ ಮುಗಿದು ಇಂಗ್ಲಿಷೊಂದು ಬಾಕಿ. ಹಿಂದಿನ ದಿನ ಬೆಳಿಗ್ಗೆ ಅಣ್ಣ ಅವಳನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಕೂರಿಸಿ ಪದಗಳನ್ನು ಹೇಳಿ ಬರೆಸಿದ. ಅವನಿಗಾಗ ಹತ್ತೊಂಬತ್ತು. ಓದಿನಲ್ಲಿ ಜಾಣ, ತಂಗಿಯೂ ಹಾಗೇ ಆಗಬೇಕೆಂಬ ಆಸೆ, ಆಸೆಗೆ ತಕ್ಕ ತಾಳ್ಮೆ ಇಲ್ಲ. ಏಳು ಪದ ತಪ್ಪಾಯಿತು. ಏಳಕ್ಕೆ ಏಳು ಏಟು, ಮರದ ರೂಲರಿನಲ್ಲಿ, ಬೆರಳ ಗಿಣ್ಣಿನ ಮೇಲೆ.

ನೋವೇನೂ ದೊಡ್ಡದಲ್ಲ. ಆದರೆ ಅವಳಿಗೆ ಅವಮಾನವಾಯಿತು. ಅಮ್ಮ ಒಲೆಯ ಮುಂದೆ ನಿಂತು ನೋಡುತ್ತಿದ್ದಳು, ಪಕ್ಕದ ಮನೆಯ ಹೆಂಗಸು ಕಿಟಕಿಯಿಂದ ಇಣುಕಿದಳು. ಹದಿನೈದರ ಹುಡುಗಿಯರ ಸಿಟ್ಟು ಎಂಥದೆಂದು ಹೆತ್ತವರಿಗೆ ಗೊತ್ತಿರುತ್ತದೆ. ಮರುದಿನ ಅವಳು ಪೆನ್ನು ಹಿಡಿದು ಮನೆ ಬಿಟ್ಟವಳು ಪರೀಕ್ಷೆಗೆ ಹೋಗಲಿಲ್ಲ. ಪರೀಕ್ಷೆ ಇದ್ದದ್ದು ಬೇರೆ ಶಾಲೆಯಲ್ಲಿ, ಪರಿಚಯದ ಮೇಷ್ಟ್ರು ಯಾರೂ ಅಲ್ಲಿರಲಿಲ್ಲ. ಅವಳು ಪಾರ್ಕಿನ ಸಿಮೆಂಟು ಬೆಂಚಿನ ಮೇಲೆ ಮೂರು ಗಂಟೆ ಕೂತು, ಕೊಳಕ್ಕೆ ಕಲ್ಲೆಸೆದು, ಮನೆಗೆ ಬಂದಳು. ಯಾರಾದರೂ ಕೇಳಲಿ, ಗೊತ್ತಾಗಲಿ, ಅಣ್ಣನಿಗೆ ಅಪ್ಪನ ಕೈಯಲ್ಲಿ ಬೈಗುಳ ಬೀಳಲಿ ಎಂಬುದೇ ಅವಳ ಲೆಕ್ಕಾಚಾರ. ಆಮೇಲೆ ಮುಂದಿನ ಸಲ ಬರೆದರಾಯಿತು.

ಅಣ್ಣ ಬಾಗಿಲಲ್ಲೇ ಕಾಯುತ್ತಿದ್ದ. "ಹೇಗಾಯ್ತು?" ಎಂದ. ಅವನ ಮುಖದಲ್ಲಿ ಅಷ್ಟು ಆತಂಕ ನೋಡಿ ಅವಳಿಗೆ ಇನ್ನಷ್ಟು ಹಟ ಬಂತು. "ಸ್ಪೆಲ್ಲಿಂಗ್ ಕಷ್ಟ ಇತ್ತು" ಎಂದುಬಿಟ್ಟಳು.

ಪಾಸಾದವರ ನಂಬರುಗಳನ್ನಷ್ಟೇ ಹಲಗೆಗೆ ಅಂಟಿಸುತ್ತಿದ್ದ ಕಾಲ. ಅಣ್ಣ ಮೂರು ಸಲ ಬೆರಳಿಟ್ಟು ಹುಡುಕಿದ. ಮನೆಗೆ ಬಂದು ಅಪ್ಪನ ಮುಂದೆ ಅತ್ತ. ಹತ್ತೊಂಬತ್ತು ವರ್ಷದ ಗಂಡಸು ಬಿಕ್ಕಿ ಬಿಕ್ಕಿ ಅತ್ತದ್ದನ್ನು ಅವಳು ಅಂದೇ ನೋಡಿದ್ದು. "ಇವಳ ತಪ್ಪಿಲ್ಲ ಅಪ್ಪ. ಆ ಹಾಳು ಸ್ಪೆಲ್ಲಿಂಗು. ಬರೆಯೋದೊಂದು, ಓದೋದೊಂದು. ಇವಳಿಗೆ ಎಲ್ಲಾ ಬರುತ್ತೆ, ಇನ್ನೊಂದು ಸಲ ಕೂರಿಸಿ" ಎಂದು ಕೈಮುಗಿದ. ಅಪ್ಪ ಕೇಳಲಿಲ್ಲ. ಓದಿದ್ದು ಸಾಕು, ಮನೆಯಲ್ಲಿರಲಿ ಎಂದರು. ಸೋದರತ್ತೆಯ ಮಾತು ಗಾಳಿಗೆ ಹೋಯಿತು. ಅಣ್ಣನ ಕಣ್ಣೀರು ನೋಡಿದ ಮೇಲೆ ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಒಂದು ವಾರ ಕಳೆದ ಮೇಲಂತೂ ಹೇಳುವ ದಾರಿಯೇ ಮುಚ್ಚಿಹೋಯಿತು. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡವಳು ಯಾರನ್ನು ದೂರಬೇಕು?

ಎರಡು ವರ್ಷದ ಮೇಲೆ ಅಣ್ಣ ಪ್ರೆಸ್ಸಿಗೆ ಸೇರಿದ. ಓದುವವರೊಬ್ಬರು ಬೇಕು ಎಂದಾಗ ಮಾಲೀಕರ ಕಾಲು ಹಿಡಿದು ತಂಗಿಯನ್ನು ಕರೆಸಿಕೊಂಡ. "ನಿನ್ನ ಶಾಲೆ ತಪ್ಪು ಅಂದಿದ್ದೇ ಇಲ್ಲಿ ಸರಿ ನೋಡು" ಎಂದು ಹೆಮ್ಮೆಯಿಂದ ಕುರ್ಚಿ ಒರೆಸಿ ಕೂರಿಸಿದ. ಅಲ್ಲಿಂದ ಶುರು ಅವನ ಪತ್ರಗಳು. ಅವನು ತನಗೋಸ್ಕರ ಒಂದು ಭಾಷೆಯ ಜೊತೆಗೇ ಜಗಳಕ್ಕೆ ನಿಂತಿದ್ದಾನೆ ಎಂದು ಅವಳಿಗೆ ತಿಳಿದಿತ್ತು. ಅದಕ್ಕೇ ಅವಳು ವಾದ ಹೂಡುತ್ತಿದ್ದದ್ದು. ಹೇಗಾದರೂ ಮಾಡಿ ಅವನ ತಲೆಯಿಂದ ಅದನ್ನು ಇಳಿಸಿಬಿಟ್ಟರೆ ತನ್ನ ಎದೆಯ ಭಾರವೂ ಇಳಿಯುತ್ತದೆ ಎಂಬ ಆಸೆ. ಇಳಿಯಲಿಲ್ಲ. ಅವಳು ಎಷ್ಟು ವಾದಿಸಿದಳೋ ಅವನು ಅಷ್ಟು ಗಟ್ಟಿಯಾದ.

ಅಣ್ಣನ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ, ಮಹಡಿಯ ಮೇಲೆ ಕಂಪ್ಯೂಟರುಗಳು ಬಂದು ಕೂತು, ಕೆಳಗಿನ ಮೊಳೆಗಳಿಗೆ ಧೂಳು ಹಿಡಿಯತೊಡಗಿದ್ದಾಗ, ಅವನಿಗೊಂದು ಪತ್ರ ಬಂತು. ಶಿಕ್ಷಕರ ಸಂಘದವರು ತಮ್ಮ ವಾರ್ಷಿಕ ಸಭೆಯಲ್ಲಿ ಅರ್ಧ ಗಂಟೆ ಮಾತಾಡಲು ಕರೆದಿದ್ದರು. ವಿಷಯ: ಇಂಗ್ಲಿಷ್ ಸ್ಪೆಲ್ಲಿಂಗ್ ಉಚ್ಚಾರಣೆಯ ಹಾಗೆ ಇರಬೇಕೇ? ಅಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪತ್ರವನ್ನು ಅತ್ತಿಗೆಗೆ ಎರಡು ಸಲ ಓದಿ ಹೇಳಿದ. ಆ ದಿನಗಳಲ್ಲೇ ಅವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಶ್ವಾಸಕೋಶದ ಚಿತ್ರ ತೆಗೆಸಿ ಹುಬ್ಬು ಗಂಟಿಕ್ಕಿದ್ದರು. ಅವನು ಅದನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಹಂಚಲು ಒಂದು ಪುಸ್ತಿಕೆ ಬೇಕು ಎಂದ. ಉಳಿದ ಕಾಗದದಲ್ಲಿ ಮಾಡಿಕೊಳ್ಳಿ ಎಂದರು ಮಾಲೀಕರು. ಮೊಳೆ ಜೋಡಿಸುವವರ ಮೇಸ್ತ್ರಿ ಅಣ್ಣನ ವಾರಿಗೆಯವನು. ಬಿಡುವಿನ ಹೊತ್ತಿನಲ್ಲಿ ನಲವತ್ತೆಂಟು ಪುಟ ಜೋಡಿಸಿಕೊಟ್ಟ.

ಒಂದು ಶನಿವಾರ ಅರ್ಧ ದಿನದ ಮೇಲೆ, ಯಂತ್ರಗಳೆಲ್ಲ ನಿಂತು ಎಲ್ಲರೂ ಮನೆಗೆ ಹೋದ ಮೇಲೆ, ಅಣ್ಣ ತಂಗಿ ಇಬ್ಬರೇ ಎದುರುಬದುರು ಕೂತರು. ಪುಸ್ತಿಕೆಯ ಕಾಪಿ ಅವಳ ಕೈಗೆ ಬಂದದ್ದು ಅದೇ ಮೊದಲು. ಅಣ್ಣನ ದುಂಡು ಅಕ್ಷರ. ಅವಳು ಎಂದಿನಂತೆ ಕನ್ನಡಕ ಸರಿಮಾಡಿಕೊಂಡು ಮುನ್ನುಡಿಯಿಂದ ಶುರುಮಾಡಿದಳು. ಎಲ್ಲವೂ ಇಂಗ್ಲಿಷು, ಎಲ್ಲವೂ ಅವಳ ರಾಗದಲ್ಲಿ, ಸದ್ದಿಲ್ಲದ ಅಕ್ಷರಗಳಿಗೆಲ್ಲ ಸದ್ದು ಕೊಡುತ್ತ. ಕ್ಯಾಪ್ ನನಗೆ ಒಬ್ಬಳೇ ತಂಗಿ ಸ್ಟಾಪ್. ಕ್ಯಾಪ್ ಅವಳಷ್ಟು ಚುರುಕಿನ ಹುಡುಗಿಯನ್ನು ನಾನು ನೋಡಿಲ್ಲ ಸ್ಟಾಪ್. ಬಾಯಿ ಓದುತ್ತಿತ್ತು, ಮನಸ್ಸು ಎಂದಿನಂತೆ ಎಲ್ಲೋ ಇತ್ತು. ಕ್ಯಾಪ್ ಹದಿನೈದನೆಯ ವಯಸ್ಸಿನಲ್ಲಿ ಕಾಮ್ ಉತ್ತರಗಳೆಲ್ಲ ಗೊತ್ತಿದ್ದೂ ಕಾಮ್ ಬರಿಯ ಸ್ಪೆಲ್ಲಿಂಗಿನಿಂದಾಗಿ ಅವಳು ಪರೀಕ್ಷೆಯಲ್ಲಿ ಸೋತಳು ಸ್ಟಾಪ್.

ಅವಳಿಗೆ ಅರ್ಥ ತಟ್ಟಿತು, ಓದು ನಿಂತಿತು. ಮುಂದಿನ ಸಾಲು ಕಣ್ಣ ಮುಂದೆ ಇತ್ತು: ಈ ಪುಸ್ತಕ ಅವಳಿಗಾದ ಅನ್ಯಾಯಕ್ಕೆ ನಾನು ಕೊಡುತ್ತಿರುವ ಉತ್ತರ. ಇದು ಇನ್ನು ಅಚ್ಚಾಗುತ್ತದೆ. ಇನ್ನೂರು ಮೇಷ್ಟ್ರುಗಳ ಮುಂದೆ ಅಣ್ಣ ನಿಂತು ಇದನ್ನು ಓದುತ್ತಾನೆ, ಅವಳು ಮುಂದಿನ ಸಾಲಿನಲ್ಲಿ ಕೂತು ಕೇಳಬೇಕು.

"ಮುಂದೆ" ಎಂದ ಅಣ್ಣ, ತಲೆ ಎತ್ತದೆ.

ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಕಾಪಿಯಲ್ಲಿ ಇಲ್ಲದ್ದನ್ನು ಓದಿದಳು. ಅದೇ ರಾಗ, ಅದೇ ವೇಗ. "ಕ್ಯಾಪ್ ಅದು ನಿಜವಲ್ಲ ಸ್ಟಾಪ್. ಕ್ಯಾಪ್ ಅವಳು ಪರೀಕ್ಷೆಗೆ ಹೋಗಲೇ ಇಲ್ಲ ಸ್ಟಾಪ್. ಕ್ಯಾಪ್ ಅಣ್ಣ ರೂಲರಿನಿಂದ ಹೊಡೆದನೆಂಬ ಸಿಟ್ಟಿಗೆ ಕಾಮ್ ಪಾರ್ಕಿನಲ್ಲಿ ಮೂರು ಗಂಟೆ ಕೂತಿದ್ದು ಮನೆಗೆ ಬಂದು ಸುಳ್ಳು ಹೇಳಿದಳು ಸ್ಟಾಪ್."

ಅಣ್ಣನ ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ. ಸಾಲು ಬಿಟ್ಟುಹೋದಲ್ಲಿ ಹಾಕುವ ಗುರುತು ಹಾಕಿ, ಅಂಚಿಗೆ ಗೆರೆ ಎಳೆದು, ಅವಳು ಹೇಳಿದ ಮೂರು ವಾಕ್ಯಗಳನ್ನೂ ಒಂದು ಅಕ್ಷರ ತಪ್ಪದೆ, ಚೆಂದವಾಗಿ, ಕೆಂಪು ಶಾಯಿಯಲ್ಲಿ ಬರೆದ. ಬರೆದು ಮುಗಿಸಿ ಗೊಣಗಿದ. "ಈ ಮೇಸ್ತ್ರಿಗೆ ವಯಸ್ಸಾಯ್ತು. ಮೂರು ಮೂರು ಸಾಲು ಹಾರಿಸಿಬಿಟ್ಟಿದ್ದಾನೆ ನೋಡು."

ಅವಳು ಮುಂದಕ್ಕೆ ಓದಲಿಲ್ಲ. ಅವನು ಕಾದ. ಕಾಯುತ್ತ, ಮಾಡಲು ಬೇರೆ ಕೆಲಸವಿಲ್ಲದೆ, ತಾನು ಬರೆದದ್ದರ ಮೇಲೆ ಕಣ್ಣು ಹಾಯಿಸಿದ. ಶಾಯಿ ಇನ್ನೂ ಒಣಗಿರಲಿಲ್ಲ.

"ಇದು ಕಾಪಿಯಲ್ಲಿದ್ಯಾ?" ಎಂದ.

"ಇಲ್ಲ ಅಣ್ಣ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆ ಮೇಜಿನಲ್ಲಿ ಕೂತಾಗ ಅವರು ಒಬ್ಬರ ಮುಖ ಒಬ್ಬರು ನೋಡಿದವರೇ ಅಲ್ಲ, ಈಗ ನೋಡಿದರು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಬೈಯಲಿ, ಕಾಗದ ಹರಿದು ಎಸೆಯಲಿ, ಏನಾದರೂ ಮಾಡಲಿ ಎಂದು ಅವಳು ಕಾದಳು.

"ನಾನು ಹೊಡೆದಿದ್ನಾ?" ಎಂದು ಕೇಳಿದ.

ಅವನಿಗೆ ನೆನಪೇ ಇರಲಿಲ್ಲ. ಅವನ ನೆನಪಿನಲ್ಲಿ ಇದ್ದದ್ದು ಹೊಸ್ತಿಲ ಮೇಲೆ ಕೂತ ತಂಗಿ, ಪಕ್ಕದಲ್ಲಿ ಕೂತು ಪ್ರೀತಿಯಿಂದ ಹೇಳಿಕೊಟ್ಟ ಅಣ್ಣ, ಇಬ್ಬರಿಗೂ ಮೋಸ ಮಾಡಿದ ಇಂಗ್ಲಿಷು. ಹೊಡೆತ ಅವಳ ಹತ್ತಿರ ಮಾತ್ರ ಉಳಿದಿತ್ತು.

"ಏಳು ಏಟು" ಎಂದಳು. "ಹೋಗ್ಲಿ ಬಿಡು ಅಣ್ಣ, ಯಾವ ಅಣ್ಣ ಹೊಡೆದಿಲ್ಲ. ನಾನೇ ಮೂರ್ಖಿ. ನಿಂಗೆ ಬೈಗುಳ ಬೀಳಲಿ ಅಂತ..."

"ಏಳು" ಎಂದ ಅವನು. ಪ್ರೂಫನ್ನು ಮಡಿಚಿ ಜೇಬಿಗಿಟ್ಟುಕೊಂಡ, ದೀಪ ಆರಿಸಿದ. ಮನೆಯವರೆಗೆ ಇಪ್ಪತ್ತು ನಿಮಿಷದ ದಾರಿ ಅಂದು ಮೂವತ್ತೈದು ನಿಮಿಷ ಹಿಡಿಯಿತು. ಅವನು ಎರಡು ಕಡೆ ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಂಡ.

ಸೋಮವಾರ ಅವನು ಮೇಸ್ತ್ರಿಯ ಹತ್ತಿರ ಹೋಗಿ, "ಜೋಡಿಸಿದ್ದೆಲ್ಲ ಬಿಚ್ಚಿಬಿಡಪ್ಪ" ಎಂದ. ಮೇಸ್ತ್ರಿ ಹೌಹಾರಿದ. "ನಲವತ್ತೆಂಟು ಪುಟ ಅಣ್ಣ! ಕಣ್ಣು ಕಿತ್ತು ಜೋಡಿಸಿದ್ದೀನಿ!" ಎಂದು ಗೋಗರೆದ. ಅಣ್ಣ ಅವನ ಭುಜ ತಟ್ಟಿ ಒಳಗೆ ಬಂದು ಕೂತ. ಆ ದಿನವೆಲ್ಲ ಮೊಳೆಗಳನ್ನು ಒಂದೊಂದಾಗಿ ಪೆಟ್ಟಿಗೆಯ ತಮ್ಮ ತಮ್ಮ ಮನೆಗೆ ಎಸೆಯುವ ಟಣ್ ಟಣ್ ಸದ್ದು ಮೆಟ್ಟಿಲ ಕೋಣೆಗೆ ಕೇಳುತ್ತಿತ್ತು. ಅವಳು ಅದರ ಮೇಲೆ ದನಿ ಎತ್ತರಿಸಿ ಯಾವುದೋ ಸೋಪಿನ ಕಾರ್ಖಾನೆಯ ವಾರ್ಷಿಕ ವರದಿ ಓದಿದಳು. ಶಿಕ್ಷಕರ ಸಂಘಕ್ಕೆ ಮೈ ಸರಿಯಿಲ್ಲವೆಂದು ಅವನು ಬರೆದು ಹಾಕಿದ. ಅದೇನೂ ಸುಳ್ಳಲ್ಲ.

ಅವನು ಅವಳ ಮೇಲೆ ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಟ್ಟಾಗಲಿಲ್ಲ. ಬಹಳ ಮೃದುವಾಗಿ, ಅಪರಿಚಿತರ ಹತ್ತಿರ ಇರುವಷ್ಟು ಮರ್ಯಾದೆಯಿಂದ ಇದ್ದ. ಊಟಕ್ಕೆ ಕೂತರೆ ಮೊದಲು ಅವಳಿಗೆ ಬಡಿಸು ಎನ್ನುವನು, ದಾರಿಯಲ್ಲಿ ಅವಳ ಕೈಚೀಲ ತಾನು ಹಿಡಿಯುವನು. ಸ್ಪೆಲ್ಲಿಂಗಿನ ಮಾತು ಮಾತ್ರ ಅವನ ಬಾಯಿಂದ ಬರಲೇ ಇಲ್ಲ. ಅವಳೇ ಕೆಣಕಿ ನೋಡಿದಳು. "ಇವತ್ತಿನ ಕಾಪಿಯಲ್ಲಿ ಸದ್ದಿಲ್ಲದ ಜಿ ಎಚ್ ಎಷ್ಟಿದ್ವು ಗೊತ್ತಾ? ನಿನ್ನ ಮಾತು ಕೇಳಿದ್ರೆ ಒಂದು ಡಬ್ಬ ಮೊಳೆ ಉಳೀತಿತ್ತು." ಅವನು ಸುಮ್ಮನೆ ನಕ್ಕ. ಅತ್ತಿಗೆ ಒಂದು ದಿನ ಬಾಗಿಲು ತೆಗೆದವಳು, "ಏನ್ರೀ, ಈಗೀಗ ಇಬ್ಬರೂ ಬಾಯಿಗೆ ಬೀಗ ಹಾಕ್ಕೊಂಡು ಬರ್ತೀರಿ? ಆ ಇಂಗ್ಲಿಷ್ ಜಗಳನೇ ವಾಸಿಯಿತ್ತು" ಎಂದಳು.

ನಾನು ಕೇಳುತ್ತೇನೆ, ನಿಜ ಹೇಳಬೇಕೆಂದು ಯಾರು ಹೇಳಿದ್ದು? ನಲವತ್ತೊಂದು ವರ್ಷ ನುಂಗಿಕೊಂಡಿದ್ದನ್ನು ಇನ್ನೊಂದು ನಾಲ್ಕು ತಿಂಗಳು ನುಂಗಿಕೊಂಡಿದ್ದರೆ ಒಬ್ಬ ಮನುಷ್ಯ ಇನ್ನೂರು ಜನರ ಮುಂದೆ ಅರ್ಧ ಗಂಟೆ ಸುಖವಾಗಿ ಮಾತಾಡಿ ಬರುತ್ತಿದ್ದ. ಇದೇ ಮಾತನ್ನು ಅವಳೂ ತನ್ನನ್ನು ದಿನಕ್ಕೆ ಹತ್ತು ಸಲ ಕೇಳಿಕೊಂಡಳು. ತನ್ನ ಎದೆ ಹಗುರಾಗಲೆಂದು ಅವನ ಎದೆಗೆ ಭಾರ ದಾಟಿಸಿದೆ ಎಂದು ಅವಳಿಗೆ ಅನ್ನಿಸಿತು. ಹಗುರವೂ ಆಗಲಿಲ್ಲ.

ನಿವೃತ್ತಿಯ ದಿನ ಮಾಲೀಕರು ಅಣ್ಣನಿಗೆ ಗಂಧದ ಬಣ್ಣದ ಶಾಲು ಹೊದಿಸಿದರು, ಅವಳ ಕೆಲಸವೂ ಅಲ್ಲಿಗೆ ಮುಗಿಯಿತು. ಅದಾಗಿ ಐದು ವಾರಕ್ಕೆ ಅಣ್ಣ ಆಸ್ಪತ್ರೆ ಸೇರಿದ. ಬೆಳಗಿನ ಹೊತ್ತು ಅತ್ತಿಗೆ, ಮಧ್ಯಾಹ್ನದ ಮೇಲೆ ಅವಳು. ಹನ್ನೆರಡು ಮಂಚದ ವಾರ್ಡು, ಅವನದು ಕಿಟಕಿ ಪಕ್ಕದ್ದು. ಮೂಗಿಗೆ ನಳಿಕೆ. ಎರಡು ಮಾತಾಡಿದರೆ ನಾಲ್ಕು ಉಸಿರು. ಬಿಳಿ ಬಟ್ಟೆಯ ನರ್ಸು ಬಂದು ಗಡಿಯಾರ ನೋಡುತ್ತ ನಾಡಿ ಹಿಡಿದಾಗ ಅಣ್ಣನ ಕಣ್ಣು ನರ್ಸಿನ ಮೇಲೆ ಇರುತ್ತಿರಲಿಲ್ಲ, ತಂಗಿಯ ಮೇಲೆ ಇರುತ್ತಿತ್ತು. ಅವನು ಏನು ಯೋಚಿಸುತ್ತಿದ್ದಾನೆಂದು ಅವಳಿಗೆ ತಿಳಿಯುತ್ತಿತ್ತು. ಆಗ ಅವಳು ಎದ್ದು ಹೋಗಿ ಲೋಟ ತೊಳೆದುಕೊಂಡು ಬರುವಳು.

ಒಂದು ಮಧ್ಯಾಹ್ನ ಅವನು ಬೆರಳಾಡಿಸಿ ಹತ್ತಿರ ಕರೆದ.

"ಒಂದು ಕೇಳ್ತೀನಿ. ನಿಜ ಹೇಳ್ತೀಯಾ?"

"ಕೇಳಣ್ಣ."

"ಅವತ್ತು... ಹೋಗಿದ್ರೆ... ಪಾಸಾಗ್ತಿದ್ಯಾ ನೀನು?"

ಅಷ್ಟು ಕೇಳಿ ಅವನು ಕಣ್ಣು ಮುಚ್ಚಿದ. ಹೌದೆಂದರೆ ಅವಳ ಬದುಕು ಹಾಳಾದದ್ದು ಅವನ ಏಳು ಏಟಿನಿಂದ, ಮತ್ತೆ ಯಾವುದರಿಂದಲೂ ಅಲ್ಲ. ಇಲ್ಲವೆಂದರೆ ಅವನು ಬರೆದ ಒಂದೊಂದು ಪತ್ರಕ್ಕೂ ಅರ್ಥವಿದೆ. ಅವನು ಬಹುಶಃ ಆ ಶನಿವಾರದಿಂದ ಇದನ್ನೊಂದೇ ಕೇಳಬೇಕೆಂದಿದ್ದ, ಉತ್ತರಕ್ಕೆ ಹೆದರಿ ಕೇಳಿರಲಿಲ್ಲ.

"ಎಲ್ಲಿ ಪಾಸು, ನಿನ್ನ ತಲೆ!" ಎಂದಳು ಅವಳು. "ಸಾಯಂಕಾಲ ಗೆಳತಿ ಮನೇಲಿ ಪ್ರಶ್ನೆಪತ್ರಿಕೆ ನೋಡಿದೆ. ಹತ್ತು ಸ್ಪೆಲ್ಲಿಂಗ್ ಕೇಳಿದ್ರು. ಎರಡೂ ಬರ್ತಿರಲಿಲ್ಲ. ನಂಗೆ ಆಗಲೇ ಅನ್ನಿಸ್ತು, ಹೋಗದೇ ಇದ್ದಿದ್ದೇ ಒಳ್ಳೇದಾಯ್ತು, ಹೋಗಿದ್ರೂ ಮಣ್ಣು ಮುಕ್ತಿದ್ದೆ ಅಂತ."

ಅಣ್ಣ ಕಣ್ಣು ಬಿಟ್ಟ. "ಎರಡೂ?"

"ಎರಡೂ ಇಲ್ಲ. ಯಾವ ತಲೆಗೆ ಹತ್ತುತ್ತೆ ಆ ಹಾಳು ಸ್ಪೆಲ್ಲಿಂಗು?"

ಅವನ ಮುಖಕ್ಕೆ ರಕ್ತ ಬಂತು. ಎಷ್ಟೋ ವಾರದ ಮೇಲೆ ಅವನು ದಿಂಬಿನಿಂದ ತಲೆ ಎತ್ತಿದ. "ನಾನ್ ಹೇಳಿರ್ಲಿಲ್ವಾ!" ಎಂದ. "ನೋಡಿದ್ಯಾ? ನಿನ್ನಂಥವಳಿಗೇ ಎರಡು ಬರ್ಲಿಲ್ಲ ಅಂದ್ರೆ... ಬೇರೆ ಮಕ್ಕಳ ಗತಿ ಏನು?" ಉಸಿರು ಸಿಕ್ಕಿಕೊಂಡಿತು. ನರ್ಸು ದೂರದಿಂದ ಗದರಿದಳು. ಅವನು ಲೆಕ್ಕಿಸಲಿಲ್ಲ. ಕಾಗದ ತೆಗಿ ಎಂದ. ಶಿಕ್ಷಕರ ಸಂಘಕ್ಕೆ ಪತ್ರ ಬರೆಯಬೇಕು, ಮುಂದಿನ ವರ್ಷದ ಸಭೆಗೆ ತಾನು ಖಂಡಿತ ಬರುತ್ತೇನೆ, ಮೊದಲು ಜಿ ಎಚ್ ತೆಗೆಯಬೇಕು, ಒಮ್ಮೆಗೇ ಎಲ್ಲ ಬೇಡ, ವರ್ಷಕ್ಕೊಂದು ಅಕ್ಷರ. ಅವನು ಹೇಳಿದ, ಅವಳು ಬರೆದಳು. ನಡುವೆ ನಿಂತು, "ನೀನೇನು ಇವತ್ತು ಎದುರು ವಾದಿಸ್ತಿಲ್ಲ?" ಎಂದು ಅನುಮಾನದಿಂದ ಕೇಳಿದ.

"ನೀನು ಹೇಳೋದೇ ಸರಿ ಕಣೋ ಅಣ್ಣ. ನಾನು ಒಪ್ಪಿದೆ."

"ಇಷ್ಟು ವರ್ಷ ಬೇಕಾಯ್ತು ನಿಂಗೆ" ಎಂದು ಅವನು ನಕ್ಕ. ಹಿಂದಿನ ಹಾಗೆಯೇ ನಕ್ಕ. ಪತ್ರ ಎರಡು ಪುಟವಾಯಿತು. ಸಹಿ ಹಾಕಲು ಕೈ ಓಡಲಿಲ್ಲ, ನಾಳೆ ಹಾಕುತ್ತೇನೆ ಎಂದ. ಇನ್ನೂ ನಾಲ್ಕು ಮಧ್ಯಾಹ್ನ ಅವನು ಅದೇ ವಿಷಯ ಮಾತಾಡಿದ, ಅವಳು ಪ್ರತಿಯೊಂದಕ್ಕೂ ಹೌದೆಂದಳು. ಐದನೆಯ ದಿನ ಬೆಳಿಗ್ಗೆ ಅತ್ತಿಗೆ ಪಕ್ಕದಲ್ಲಿರುವಾಗ ಅವನು ತೀರಿಕೊಂಡ.

ಪ್ರಶ್ನೆಪತ್ರಿಕೆಯನ್ನು ಅವಳು ಅಂದು ಸಾಯಂಕಾಲ ನೋಡಿದ್ದು ನಿಜ. ಗೆಳತಿಯ ಮನೆಯ ಹಿತ್ತಲಲ್ಲಿ ಕೂತು, ಕಡ್ಡಿಯಿಂದ ಮಣ್ಣಿನ ಮೇಲೆ ಹತ್ತೂ ಪದ ಬರೆದಿದ್ದಳು. ಗೆಳತಿ ಪುಸ್ತಕ ಹಿಡಿದು ಸರಿನೋಡಿದ್ದಳು. ಹತ್ತಕ್ಕೆ ಹತ್ತೂ ಸರಿಯಿದ್ದವು. ಮಿಕ್ಕ ಪ್ರಶ್ನೆಗಳೂ ಬರುತ್ತಿದ್ದವು. ಇದನ್ನು ಅವಳು ಯಾರಿಗೂ ಹೇಳಿಲ್ಲ. ಮೊದಲ ಸುಳ್ಳನ್ನು ಹೇಳಿಕೊಳ್ಳಲು ಅಣ್ಣನಾದರೂ ಇದ್ದ, ಈಗ ಅವನಿಲ್ಲ.